ಉರುಳೆಗೆ ಹೊಸ ಚರ್ಮ

ಹಾಸಿಗೆ, ಸೋಫಾ ದುರಸ್ತಿ ಮಾಡುವ ಸಣ್ಣ ವರ್ಕ್‌ಶಾಪುಗಳಲ್ಲಿ ಫೋಮ್ ಸೀಳುವ ಯಂತ್ರವನ್ನು ಮನೆಯಲ್ಲೇ ಕಟ್ಟಿಕೊಳ್ಳುವವರಿದ್ದಾರೆ. ಅದರ ರಚನೆ ಕಷ್ಟದ್ದಲ್ಲ. ಒಂದು ಮೋಟಾರು, ಒಂದು ಬ್ಲೇಡು ಅಥವಾ ಕಾದ ತಂತಿ, ಅದರ ಮುಂದೆ ಒಂದರ ಮೇಲೊಂದು ಕೂತ ಎರಡು ರೋಲರು. ರೋಲರುಗಳ ನಡುವೆ ಫೋಮ್ ಹಾಳೆಯ ತುದಿ ಕೊಟ್ಟರೆ ಅವು ಅದನ್ನು ಕಚ್ಚಿಕೊಂಡು ಬ್ಲೇಡಿನತ್ತ ತಳ್ಳುತ್ತವೆ. ಕತ್ತರಿಸುವುದು ಬ್ಲೇಡಾದರೂ ಕತ್ತರಿಸಿದ್ದು ಸಮವಾಗಿ ಬರುವುದು ಬಿಡುವುದು ರೋಲರಿನ ಕೈಯಲ್ಲಿದೆ.

ಮೊದಲ ಕೆಲವು ತಿಂಗಳು ಎಲ್ಲ ಸರಿಯಾಗಿರುತ್ತದೆ. ಆಮೇಲೆ ಹಾಳೆ ಅಲ್ಲಲ್ಲಿ ಜಾರತೊಡಗುತ್ತದೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ರೋಲರನ್ನು ಮುಟ್ಟಿ ನೋಡಿದರೆ ಕಾರಣ ತಿಳಿಯುತ್ತದೆ: ರಬ್ಬರಿನ ಮೈ ಗಾಜಿನಂತೆ ನುಣುಪಾಗಿದೆ, ಗಟ್ಟಿಯಾಗಿದೆ, ಫೋಮಿನ ಹುಡಿ ಅದರ ಸಣ್ಣ ರಂಧ್ರಗಳಲ್ಲಿ ತುಂಬಿಕೊಂಡಿದೆ. ಗಾಳಿ, ಬಿಸಿಲು, ಉಜ್ಜಾಟಗಳಿಗೆ ರಬ್ಬರು ಮೇಲ್ಮೈಯಿಂದಲೇ ಮುದಿಯಾಗುತ್ತದೆ. ಒಳಗಿನದು ಇನ್ನೂ ಮೆತ್ತಗೆ ಇರುತ್ತದೆ. ಹಾಗಾಗಿ ಮದ್ದೂ ಸರಳ. ಒಂದು ಚಪ್ಪಟೆ ಮರದ ತುಂಡಿಗೆ ಉಜ್ಜುಕಾಗದ ಅಂಟಿಸಿ, ತಿರುಗುತ್ತಿರುವ ರೋಲರಿಗೆ ಹಿಡಿದು, ಈ ತುದಿಯಿಂದ ಆ ತುದಿಗೆ ಒಂದೇ ಒತ್ತಡದಲ್ಲಿ ಸರಿಸುತ್ತಾ ಮುದಿ ಪದರವನ್ನು ತೆಗೆಯುವುದು. ಅಷ್ಟಕ್ಕೂ ಬಗ್ಗದಿದ್ದರೆ ಹಳೆಯ ಹೊದಿಕೆ ಕಿತ್ತು ಹೊಸ ರಬ್ಬರು ತೊಡಿಸುವುದು.

ಇಲ್ಲಿ ಒಂದು ಸಣ್ಣ ಲೆಕ್ಕವಿದೆ. 50 ಮಿಲಿಮೀಟರ್ ವ್ಯಾಸದ ರೋಲರು ಒಂದು ಸುತ್ತಿಗೆ ಸುಮಾರು 157 ಮಿಲಿಮೀಟರ್ ಫೋಮ್ ಎಳೆಯುತ್ತದೆ. ಉಜ್ಜುವಾಗ ಕೈ ತಪ್ಪಿ ಒಂದು ತುದಿ 49 ಮಿಲಿಮೀಟರಿಗೆ ಇಳಿದರೆ ಆ ತುದಿ ಎಳೆಯುವುದು 154. ಎರಡು ಮೀಟರ್ ಹಾಳೆ ದಾಟುವಷ್ಟರಲ್ಲಿ ಎರಡು ಬದಿಗೂ ನಾಲ್ಕು ಸೆಂಟಿಮೀಟರ್ ಅಂತರ. ಹಾಳೆ ಸೊಟ್ಟಗಾಗುತ್ತದೆ ಅಥವಾ ಮುದುಡುತ್ತದೆ. ಕಣ್ಣಿಗೆ ಕಾಣದ ಅರ್ಧ ಮಿಲಿಮೀಟರು ಪದರ ಕೆಲಸವನ್ನೇ ಕೆಡಿಸುತ್ತದೆ.

ಮೆತ್ತನೆಯ ವಸ್ತುವನ್ನು ಜಜ್ಜದೆ, ಜಾರಿಸದೆ, ಅಳತೆ ತಪ್ಪದೆ ಹಿಡಿದು ಮುಂದೆ ಸಾಗಿಸುವುದು ಹೇಗೆ ಎಂಬ ಈ ಸಮಸ್ಯೆ ಫೋಮಿಗಿಂತ ಬಹಳ ಹಳೆಯದು. ಕೈಗಾರಿಕಾ ಕ್ರಾಂತಿ ಎಂದು ನಾವು ಓದುವ ಅಧ್ಯಾಯದ ಮೊದಲ ಪುಟದಲ್ಲೇ ಇದೆ. ಅಲ್ಲಿ ಫೋಮಿನ ಜಾಗದಲ್ಲಿ ಇದ್ದದ್ದು ಅರಳೆ. ಆ ರೋಲರಿನ ಕತೆಯಲ್ಲಿ ಯಂತ್ರ ಕಂಡುಹಿಡಿದವರ ಹೆಸರುಗಳು ಚೆನ್ನಾಗಿ ಉಳಿದಿವೆ. ಸವೆದ ಉರುಳೆಗೆ ಮತ್ತೆ ಮತ್ತೆ ಹೊಸ ಮೈ ಕೊಟ್ಟವರ ಕೆಲಸ ಹೆಚ್ಚಾಗಿ ಕತೆಯ ಹೊರಗೇ ಉಳಿದಿದೆ.

ಬೆರಳುಗಳ ಕೆಲಸ

ರಾಟೆಯಲ್ಲಿ ನೂಲುವವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು, ಕಣ್ಣು ಸೆಳೆಯುವುದು ತಿರುಗುವ ಚಕ್ರವಾದರೂ ನಿಜವಾದ ಕೆಲಸ ನಡೆಯುವುದು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳ ನಡುವೆ. ಹಂಜಿಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕು, ಯಾವಾಗ ಸಡಿಲಿಸಬೇಕು, ಎಷ್ಟು ಎಳೆ ಹೊರಗೆ ಬಿಡಬೇಕು ಎಂಬುದನ್ನು ಬೆರಳ ತುದಿಯ ಚರ್ಮ ತೀರ್ಮಾನಿಸುತ್ತದೆ. ಆ ಚರ್ಮ ಮೆತ್ತಗಿದೆ, ಸ್ವಲ್ಪ ಒದ್ದೆಯಾಗಿದೆ, ಅದರಲ್ಲಿ ಸಣ್ಣ ಗೆರೆಗಳಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಸವೆದಂತೆಲ್ಲ ಅದು ತಾನಾಗಿ ಹೊಸದಾಗುತ್ತದೆ.

1800ರಲ್ಲಿ, ಟಿಪ್ಪು ಬಿದ್ದ ಮರುವರ್ಷ, ಫ್ರಾನ್ಸಿಸ್ ಬುಕನನ್ ಕಂಪನಿ ಸರ್ಕಾರದ ಪರವಾಗಿ ಮೈಸೂರು ಸೀಮೆಯಲ್ಲಿ ಸುತ್ತಿದ. ಬೆಂಗಳೂರಿನ ಬಗ್ಗೆ ಬರೆಯುವಾಗ, ಬ್ರಾಹ್ಮಣರನ್ನು ಬಿಟ್ಟು ಉಳಿದೆಲ್ಲ ಜಾತಿಗಳ ಬಡ ಹೆಂಗಸರು ನೂಲುತ್ತಾರೆ, ವಾರದ ಸಂತೆಯಲ್ಲಿ ಅರಳೆ ಕೊಂಡು ನೂಲು ಮಾರುತ್ತಾರೆ ಎಂದು ದಾಖಲಿಸಿದ. ನೇಯುವುದು ಕೆಲವು ಜಾತಿಗಳ ಕಸುಬಾಗಿತ್ತು. ನೂಲುವುದು ಮಾತ್ರ ಹೀಗೆ ಮನೆಮನೆಗೂ ಹರಡಿತ್ತು.

ಹತ್ತಿಯಿಂದ ಬೀಜ ಬೇರ್ಪಡಿಸುವ ಕೆಲಸಕ್ಕೆ ನಮ್ಮಲ್ಲಿ ಉರುಳೆ ಬಹಳ ಹಿಂದೆಯೇ ಬಂದಿತ್ತು. ಎರಡು ಸಣ್ಣ ಉರುಳೆಗಳ ನಡುವೆ ಅರಳೆ ದಾಟಿ ಹೋಗಿ ಬೀಜ ಹಿಂದೆ ಉಳಿಯುವ ಕೈಯಂತ್ರ ದೇಶದ ಹಲವೆಡೆ ಬಳಕೆಯಲ್ಲಿತ್ತು. ಧಾರವಾಡ ಸೀಮೆಯಲ್ಲಿ ಅದಕ್ಕಿಂತಲೂ ಸರಳವಾದ ಒಂದು ಸಾಧನವಿತ್ತು: ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಕಾಲಿನಿಂದ ಉರುಳಿಸುವುದು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ವರದಿಗಳು ಇದನ್ನು ವಿವರವಾಗಿ ದಾಖಲಿಸಿವೆ. ಅಲ್ಲಿ ಉರುಳೆ ಎಷ್ಟು ಒತ್ತಬೇಕು ಎಂಬುದನ್ನು ಹೇಳುತ್ತಿದ್ದುದು ಅಂಗಾಲು. ನೂಲುವ ಕೆಲಸಕ್ಕೆ ಮಾತ್ರ ಬೆರಳಿನ ಬದಲು ಬೇರೆ ಏನನ್ನೂ ಇಡಲು ಯಾರಿಗೂ ಆಗಿರಲಿಲ್ಲ.

ಎರಡು ಕತ್ತೆ, ಹತ್ತು ಹುಡುಗಿಯರು

ಆ ಪ್ರಯತ್ನದ ಮೊದಲ ದಾಖಲೆ 1738ರ ಇಂಗ್ಲೆಂಡಿನ ಒಂದು ಪೇಟೆಂಟು. ಫ್ರಾನ್ಸಿನಿಂದ ಓಡಿಬಂದ ಪ್ರೊಟೆಸ್ಟೆಂಟ್ ಕುಟುಂಬದ ಲೂಯಿಸ್ ಪಾಲ್ ಮತ್ತು ಬಡಗಿ ಜಾನ್ ವಯಟ್ ಇಬ್ಬರೂ ಬರ್ಮಿಂಗ್‌ಹ್ಯಾಮಿನಲ್ಲಿ ಸೇರಿ ರೂಪಿಸಿದ ಯಂತ್ರ ಅದು. ಪೇಟೆಂಟು ಪಾಲ್ ಹೆಸರಿನಲ್ಲಿತ್ತು. ಅವರ ಯೋಚನೆ ಇಷ್ಟು: ಅರಳೆಯ ಬತ್ತಿಯನ್ನು ಒಂದು ಜೊತೆ ಉರುಳೆಗಳ ನಡುವೆ ಕೊಡಬೇಕು. ಅದರ ಮುಂದಿನ ಜೊತೆ ಇನ್ನೂ ವೇಗವಾಗಿ ತಿರುಗಬೇಕು. ಮುಂದಿನದು ಆರು ಪಟ್ಟು ವೇಗವಾಗಿ ತಿರುಗಿದರೆ ಬತ್ತಿ ಆರು ಪಟ್ಟು ಉದ್ದವಾಗಿ, ಆರನೇ ಒಂದು ಭಾಗದಷ್ಟು ತೆಳುವಾಗುತ್ತದೆ. ಎರಡು ಬೆರಳು ಹಿಡಿದು ಎಳೆಯುವ ಕೆಲಸವನ್ನು ಎರಡು ಜೊತೆ ಉರುಳೆಗಳ ವೇಗದ ವ್ಯತ್ಯಾಸ ಮಾಡುತ್ತದೆ.

1741ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಒಂದು ಸಣ್ಣ ಕಾರ್ಖಾನೆ ತೆರೆದರು. ಯಂತ್ರ ತಿರುಗಿಸಲು ಎರಡು ಕತ್ತೆಗಳು, ನೋಡಿಕೊಳ್ಳಲು ಹತ್ತು ಹುಡುಗಿಯರು. ಅದು ಬೇಗ ಮುಚ್ಚಿತು. ಆಮೇಲೆ ‘ಜಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯ ಸ್ಥಾಪಕ ಎಡ್ವರ್ಡ್ ಕೇವ್ ನಾರ್ಥಾಂಪ್ಟನ್ನಿನಲ್ಲಿ ನೀರಿನ ಚಕ್ರ ಕಟ್ಟಿ, ತಲಾ ಐವತ್ತು ಕದಿರುಗಳ ಐದು ಯಂತ್ರ ಹೂಡಿದ. ಅದೂ ಲಾಭ ಕಾಣಲಿಲ್ಲ. ಯೋಚನೆ ಸರಿಯಿತ್ತು. ಹಾಗಾದರೆ ಕೈಕೊಟ್ಟದ್ದು ಏನು?

ತಂತ್ರಜ್ಞಾನದ ಇತಿಹಾಸಕಾರ ರಿಚರ್ಡ್ ಹಿಲ್ಸ್ ಈ ಪ್ರಶ್ನೆಗೆ ಹಳೆಯ ಯಂತ್ರಗಳನ್ನೇ ಪರೀಕ್ಷಿಸಿ ಉತ್ತರ ಹುಡುಕಿದ್ದಾರೆ. ಅವರ ಪ್ರಕಾರ ಗುಟ್ಟು ಎರಡು ಕಡೆ ಇದೆ. ಒಂದು, ಉರುಳೆ ಜೊತೆಗಳ ನಡುವಿನ ಅಂತರ. ಹತ್ತಿಯ ಎಳೆಯ ಉದ್ದ ಎರಡು ಮೂರು ಸೆಂಟಿಮೀಟರು. ಅಂತರ ಅದಕ್ಕಿಂತ ಕಡಿಮೆಯಾದರೆ ಒಂದೇ ಎಳೆಯನ್ನು ಎರಡೂ ಜೊತೆಗಳು ಹಿಡಿದು ಹರಿಯುತ್ತವೆ. ಹೆಚ್ಚಾದರೆ ಎಳೆಗಳು ಯಾರ ಹಿಡಿತದಲ್ಲೂ ಇಲ್ಲದೆ ತೇಲಿ, ನೂಲು ಗಂಟುಗಂಟಾಗುತ್ತದೆ. ಇನ್ನೊಂದು, ಹಿಡಿತ. ನೂಲಿನ ಹುರಿ ಹಿಂದಕ್ಕೆ ಉರುಳೆಗಳೊಳಗೆ ನುಗ್ಗದಂತೆ, ಎಳೆ ಜಾರದಂತೆ ಮೇಲಿನ ಉರುಳೆಯನ್ನು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಒತ್ತಡ ಹೆಚ್ಚಿಸಿದರೆ ಗಟ್ಟಿಗೆ ಗಟ್ಟಿ ತಗಲಿ ಎಳೆ ಜಜ್ಜಿಹೋಗುತ್ತದೆ. ಬೆರಳಿನಂತೆ ಒತ್ತಿಯೂ ಮೆತ್ತಗಿರುವ ಮೈ ಬೇಕು.

ಅಳತೆ ಒಂದರದು, ಸವೆತ ಇನ್ನೊಂದರದು

ಈ ಎರಡನ್ನೂ ಸಾಧಿಸಿದ ಯಂತ್ರ ರಿಚರ್ಡ್ ಆರ್ಕ್‌ರೈಟ್‌ನ ಹೆಸರಿನಲ್ಲಿದೆ. ಆತ ಕ್ಷೌರಿಕ, ಕೂದಲು ಕೊಂಡು ಟೋಪನ್ ಮಾಡಿ ಮಾರುವ ವ್ಯಾಪಾರಿ. ಜೊತೆಗಿದ್ದವನು ಗಡಿಯಾರ ಮಾಡುವ ಜಾನ್ ಕೇ. 1768ರಲ್ಲಿ ಪ್ರೆಸ್ಟನ್ ಊರಿನ ಒಂದು ಮನೆಯಲ್ಲಿ ಗುಟ್ಟಾಗಿ ಯಂತ್ರ ಕಟ್ಟಿದರು. ಒಳಗಿನ ಗುಂಯ್‌ಗುಡುವ ಸದ್ದು ಕೇಳಿ ನೆರೆಯವರು ದೆವ್ವದ ಕಾಟವೆಂದುಕೊಂಡರು ಎಂಬ ಕತೆ ಆ ಊರಲ್ಲಿ ಉಳಿದಿದೆ. ಜಗತ್ತಿನ ಕಾರ್ಖಾನೆಗಳ ಚರಿತ್ರೆಯನ್ನು ಬದಲಿಸಿದ ಯಂತ್ರವೂ ಮೊದಲಿಗೆ ಮನೆಯಲ್ಲೇ ಕಟ್ಟಿದ್ದು.

1769ರ ಪೇಟೆಂಟಿನಲ್ಲಿ ನಾಲ್ಕು ಜೊತೆ ಉರುಳೆಗಳಿವೆ. ಪ್ರತಿ ಜೊತೆಯಲ್ಲೂ ಕೆಳಗಿನದರ ಮೈಗೆ ಉದ್ದುದ್ದ ಗೀರು ಕೊರೆದಿದೆ, ಮೇಲಿನದಕ್ಕೆ ಚರ್ಮ ಹೊದಿಸಿದೆ. ಮೇಲಿನದನ್ನು ಕೆಳಗಿನದರ ಮೇಲೆ ಒತ್ತಿ ಹಿಡಿಯಲು ತೂಕದ ಗುಂಡು ತೂಗುಬಿಟ್ಟಿದೆ. ಈ ಏರ್ಪಾಡನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯಾಕೆಂದರೆ ಮುಂದಿನ ಇನ್ನೂರೈವತ್ತು ವರ್ಷ ಇದೇ ಉಳಿಯಿತು.

ಗೇರಿನಿಂದ ತಿರುಗುವುದು ಕೆಳಗಿನ ಗಟ್ಟಿ ಉರುಳೆ ಮಾತ್ರ. ಮೇಲಿನದು ಅದರ ಮೇಲೆ ಕೂತು ಉಜ್ಜಾಟದಿಂದ ಸುಮ್ಮನೆ ಜೊತೆಗೆ ತಿರುಗುತ್ತದೆ. ಎಷ್ಟು ಉದ್ದ ಹೊರಬರಬೇಕು ಎಂಬ ಅಳತೆ ಕೆಳಗಿನದರ ವ್ಯಾಸದಲ್ಲಿದೆ. ಲೋಹದ ಆ ಮೈ ಸುಲಭಕ್ಕೆ ಸವೆಯುವುದಿಲ್ಲ. ಸವೆಯುವುದು ಮೇಲಿನ ಮೆತ್ತನೆಯದು. ಆದರೆ ಅದು ಸವೆದು ಸಣ್ಣಗಾದರೂ ಅಂಚಿನ ವೇಗ ಕೆಳಗಿನದರಷ್ಟೇ ಇರುತ್ತದೆ. ಸುತ್ತು ಸ್ವಲ್ಪ ಹೆಚ್ಚಾಗುತ್ತದೆ ಅಷ್ಟೆ. ಆದ್ದರಿಂದ ಅದನ್ನು ಕಳಚಿ, ಮೈ ಕೆರೆದು ಅಥವಾ ಹೊಸ ಚರ್ಮ ತೊಡಿಸಿ, ಮತ್ತೆ ಕೂರಿಸಬಹುದು. ಯಂತ್ರದ ಲೆಕ್ಕ ತಪ್ಪುವುದಿಲ್ಲ. ಫೋಮ್ ಯಂತ್ರ ಕಟ್ಟುವವರು ರಬ್ಬರಿನ ರೋಲರಿಗೇ ಮೋಟಾರು ಜೋಡಿಸಿದಾಗ ಅರ್ಧ ಮಿಲಿಮೀಟರಿನ ತಲೆನೋವು ಬರುವುದು ಇದರಿಂದಲೇ: ಅಲ್ಲಿ ಅಳೆಯುವುದೂ ಸವೆಯುವುದೂ ಒಂದೇ ಮೈ. ಆರ್ಕ್‌ರೈಟ್‌ನ ಯಂತ್ರದಲ್ಲಿ ಇವೆರಡೂ ಬೇರೆ ಬೇರೆ.

ಇದು ಅವನದೇ ಯೋಚನೆಯೇ ಎಂಬುದರ ಮೇಲೆ ದೊಡ್ಡ ವ್ಯಾಜ್ಯ ನಡೆಯಿತು. ಲೀ ಎಂಬ ಊರಿನ ಥಾಮಸ್ ಹೈಸ್, ಮಗ್ಗದ ಹಣಿಗೆ ಮಾಡುವವನು, ಇಂಥ ಉರುಳೆಗಳನ್ನು ತಾನು ಮೊದಲೇ ಮಾಡಿದ್ದೆ, ಮಾದರಿ ಮಾಡಲು ಗಡಿಯಾರದ ಕೇಗೆ ಹೇಳಿದ್ದೆ ಎಂದು 1785ರಲ್ಲಿ ಲಂಡನ್ನಿನ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ. ಪೇಟೆಂಟು ರದ್ದಾಯಿತು. ಅಷ್ಟರಲ್ಲಿ ಕ್ರಾಮ್‌ಫರ್ಡ್‌ನಲ್ಲಿ 1771ರಿಂದ ನಡೆಯುತ್ತಿದ್ದ ನೀರಿನ ಬಲದ ಗಿರಣಿ ಆರ್ಕ್‌ರೈಟ್‌ನನ್ನು ಶ್ರೀಮಂತನನ್ನಾಗಿ ಮಾಡಿತ್ತು. ಮರುವರ್ಷ ರಾಜನಿಂದ ‘ಸರ್’ ಪದವಿಯೂ ಬಂತು. ಹೈಸ್‌ನ ಕೊನೆಯ ದಿನಗಳು ಬಡತನದಲ್ಲಿ ಕಳೆದವು.

ಹೊದಿಕೆಯ ಕಸುಬು

ಪೇಟೆಂಟು ಬಿದ್ದ ಮೇಲೆ ಯಾರು ಬೇಕಾದರೂ ಈ ಉರುಳೆಗಳನ್ನು ಬಳಸಬಹುದಾಯಿತು. ಲ್ಯಾಂಕಶೈರ್ ಗಿರಣಿಗಳಿಂದ ತುಂಬಿತು. ಗಿರಣಿಗಳ ಜೊತೆಗೆ ಇನ್ನೊಂದು ಕಸುಬೂ ಹುಟ್ಟಿತು. ಇಂಗ್ಲಿಷಿನಲ್ಲಿ ಅದರ ಹೆಸರು ರೋಲರ್ ಕವರಿಂಗ್. ದೊಡ್ಡ ಗಿರಣಿಗಳಲ್ಲಿ ಅದಕ್ಕೆಂದೇ ಒಂದು ಕೋಣೆ ಇರುತ್ತಿತ್ತು. ಸಣ್ಣ ಗಿರಣಿಗಳ ಕೆಲಸವನ್ನು ಹೊರಗಿನ ಅಂಗಡಿಗಳು ಮಾಡಿಕೊಡುತ್ತಿದ್ದವು.

ಕೆಲಸ ಹೀಗೆ ನಡೆಯುತ್ತಿತ್ತು. ಕಬ್ಬಿಣದ ಉರುಳೆಯ ಮೈಗೆ ಮೊದಲು ಉಣ್ಣೆಯ ದಪ್ಪ ಬಟ್ಟೆಯನ್ನು ಅಂಟಿನಿಂದ ಸುತ್ತಬೇಕು. ಮೆತ್ತನೆಯ ಪುಟಿತ ಬರುವುದು ಈ ಬಟ್ಟೆಯಿಂದ. ಅದರ ಮೇಲೆ ಚರ್ಮ. ಸಾಮಾನ್ಯವಾಗಿ ಕುರಿಯದು, ಕೆಲವೆಡೆ ಕರುವಿನದು. ವೇಲ್ಸಿನ ಗುಡ್ಡಗಾಡಿನ ಕುರಿಯ ಚರ್ಮಕ್ಕೆ ಬೇಡಿಕೆ ಹೆಚ್ಚು. ಚರ್ಮವನ್ನು ಒಂದೇ ದಪ್ಪಕ್ಕೆ ಹೆರೆದು, ಪಟ್ಟಿ ಕತ್ತರಿಸಿ, ಎರಡು ತುದಿಗಳನ್ನೂ ಓರೆಯಾಗಿ ತೆಳುಮಾಡಿ, ಒಂದರ ಮೇಲೊಂದು ಅಂಟಿಸಿ ಕೊಳವೆ ಮಾಡಬೇಕು. ಓರೆ ಸರಿಯಿಲ್ಲದಿದ್ದರೆ ಜೋಡಣೆಯ ಜಾಗ ಒಂದು ಕೂದಲೆಳೆಯಷ್ಟು ದಪ್ಪವಾಗುತ್ತದೆ. ಉರುಳೆ ಸುತ್ತಿದಾಗಲೆಲ್ಲ ಆ ದಪ್ಪ ಒಮ್ಮೆ ಅರಳೆಯನ್ನು ಒತ್ತುತ್ತದೆ. ನೂಲಿನಲ್ಲಿ ಅಷ್ಟಷ್ಟು ದೂರಕ್ಕೆ ಒಂದು ತೆಳು ಜಾಗ ಮೂಡುತ್ತದೆ. ಆ ನೂಲಿನಿಂದ ನೇಯ್ದ ಬಟ್ಟೆಯಲ್ಲಿ ಪಟ್ಟೆ ಕಾಣುತ್ತದೆ. ಆ ಪಟ್ಟೆಯ ಕಾರಣ ನೇಕಾರನ ಮಗ್ಗದಲ್ಲಿಲ್ಲ, ಹೊದಿಕೆ ಹಾಕಿದವನ ಚಾಕುವಿನಲ್ಲಿದೆ.

ಕೊಳವೆಯನ್ನು ಬಿಗಿಯಾಗಿ ಉರುಳೆಗೆ ಏರಿಸಿ, ಅಂಚುಗಳನ್ನು ಮುಚ್ಚಿ, ಒತ್ತಿ ಉರುಳಿಸಿ ಸಮಮಾಡಿದ ಮೇಲೆ ಕೆಲವು ಉರುಳೆಗಳಿಗೆ ವಾರ್ನಿಶ್ ಬಳಿಯುತ್ತಿದ್ದರು. ಅಂಟು, ಗೋಂದು, ಹುಳಿ ದ್ರಾವಣ, ಬಣ್ಣದ ಪುಡಿ ಬೆರೆಸಿದ ಲೇಪ ಅದು. ಗಿರಣಿ ಕೈಪಿಡಿಗಳಲ್ಲಿ ಅದರ ಬಗೆಬಗೆಯ ಪಾಕವಿಧಾನಗಳಿವೆ.

ಇಷ್ಟು ಮಾಡಿ ಕೂರಿಸಿದ ಉರುಳೆ ಅಂದಿನಿಂದಲೇ ಸವೆಯತೊಡಗುತ್ತದೆ. ಅರಳೆಯ ಬತ್ತಿ ದಿನವಿಡೀ ಒಂದೇ ಜಾಗದಲ್ಲಿ ಹಾದರೆ ಅಲ್ಲಿ ತಗ್ಗು ಬೀಳುತ್ತದೆ. ತಗ್ಗಿನಲ್ಲಿ ಹಿಡಿತವಿಲ್ಲ. ಅದಕ್ಕೆಂದೇ ಬತ್ತಿಯನ್ನು ನಿಧಾನವಾಗಿ ಅತ್ತಿತ್ತ ಸರಿಸುವ ಒಂದು ಸಣ್ಣ ಏರ್ಪಾಡನ್ನು ಯಂತ್ರಕ್ಕೆ ಸೇರಿಸಿದರು. ಅದರ ಉದ್ದೇಶ ಒಂದೇ: ಸವೆತವನ್ನು ಮೈಯೆಲ್ಲ ಹಂಚುವುದು. ಒಣ ಹವೆಯಲ್ಲಿ ಚರ್ಮ ಬಿರುಸಾಗುತ್ತದೆ. ತೇವ ಹೆಚ್ಚಾದರೆ ಅಂಟಾಗಿ, ಎಳೆ ಮುಂದೆ ಹೋಗುವ ಬದಲು ಉರುಳೆಗೇ ಸುತ್ತಿಕೊಳ್ಳುತ್ತದೆ. ಸುತ್ತಿದ ಎಳೆಯನ್ನು ಚಾಕುವಿನಿಂದ ಕೊಯ್ದು ತೆಗೆಯುವಾಗ ಚರ್ಮಕ್ಕೂ ಗಾಯವಾಗುತ್ತದೆ. ಆ ಉರುಳೆ ಮತ್ತೆ ಹೊದಿಕೆಯ ಕೋಣೆಗೆ.

ಪ್ರಮಾಣ ಎಷ್ಟಿರಬಹುದು ಎಂದು ಊಹಿಸಲು ಒಂದು ಲೆಕ್ಕ ಹಾಕಬಹುದು. 25,000 ಕದಿರುಗಳ ಗಿರಣಿ ಎಂದುಕೊಳ್ಳಿ. ಪ್ರತಿ ಕದಿರಿಗೂ ಮುಂದಿನ ಸಾಲಿನಲ್ಲಿ ಒಂದು ಚರ್ಮದ ಮೈ. ವರ್ಷಕ್ಕೆ ಎರಡೇ ಸಲ ಹೊದಿಕೆ ಬದಲಿಸುತ್ತಾರೆ ಎಂದಿಟ್ಟುಕೊಂಡರೂ ಐವತ್ತು ಸಾವಿರವಾಯಿತು. ವರ್ಷದಲ್ಲಿ ಮುನ್ನೂರು ದಿನ ಕೆಲಸವೆಂದರೆ ದಿನಕ್ಕೆ ನೂರಾ ಅರವತ್ತೇಳು. ಕೂದಲೆಳೆ ತಪ್ಪದ ಕೆಲಸ, ನೂರಾ ಅರವತ್ತೇಳು ಸಲ, ಮರುದಿನ ಮತ್ತೆ. ಬೆರಳಿನ ಚರ್ಮ ತಾನಾಗಿ ಮಾಡಿಕೊಳ್ಳುತ್ತಿದ್ದ ಕೆಲಸ ಇದು.

ಮಡಿ ಬಟ್ಟೆ, ಕುರಿ ಚರ್ಮ

ಲ್ಯಾಂಕಶೈರಿನ ಅಗ್ಗದ ನೂಲು ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲೇ ಭಾರತದ ಸಂತೆಗಳಿಗೆ ಬಂದಿಳಿಯಿತು. ಬುಕನನ್ ಕಂಡ ಹೆಂಗಸರ ಸಂಪಾದನೆ ಕರಗಿತು. ಶತಮಾನದ ಉತ್ತರಾರ್ಧದಲ್ಲಿ ಯಂತ್ರಗಳೇ ಇಲ್ಲಿಗೆ ಬಂದವು. ಕಾವಸ್‌ಜಿ ನಾನಾಭಾಯ್ ದಾವರ್ ಮುಂಬೈಯಲ್ಲಿ 1854ರಲ್ಲಿ ನೂಲಿನ ಗಿರಣಿಯ ಕಂಪನಿ ಕಟ್ಟಿದ. 1856ರಲ್ಲಿ ಅದು ನೂಲತೊಡಗಿತು. 1880ರ ದಶಕದಲ್ಲಿ ಬೆಂಗಳೂರಿನಲ್ಲಿ, ಗೋಕಾಕ ಜಲಪಾತದ ಬಳಿ ಗಿರಣಿಗಳು ಎದ್ದವು. ಗೋಕಾಕದ್ದು ಘಟಪ್ರಭೆಯ ನೀರಿನ ಬಲದಿಂದಲೇ ನಡೆದದ್ದು. ಕ್ರಾಮ್‌ಫರ್ಡಿನ ನೀರಿನ ಚಕ್ರಕ್ಕೆ ನೂರು ವರ್ಷ ದಾಟಿದ ಮೇಲೆ ಅದೇ ಯೋಚನೆ ಬೆಳಗಾವಿ ಜಿಲ್ಲೆಯ ಬಂಡೆಗಳ ನಡುವೆ. 1930ರ ದಶಕದಿಂದ ದಾವಣಗೆರೆ ಗಿರಣಿಗಳ ಊರಾಯಿತು.

ಯಂತ್ರಗಳ ಜೊತೆ ಚರ್ಮದ ಉರುಳೆಗಳೂ, ಹೊದಿಕೆಯ ಕೋಣೆಗಳೂ ಬಂದವು. ಇಲ್ಲಿ ಒಂದು ವಿಚಿತ್ರ ನಡೆಯಿತು. ಗಿರಣಿಯಲ್ಲಿ ಅರಳೆ ನೂಲಾಗುವ ಮೊದಲು ಒಂದಾದ ಮೇಲೊಂದು ಯಂತ್ರಗಳಲ್ಲಿ ಎಳೆಸಿಕೊಳ್ಳುತ್ತದೆ. ಪ್ರತಿ ಹಂತದಲ್ಲೂ ಚರ್ಮ ಹೊದ್ದ ಉರುಳೆ ಅದನ್ನು ಒತ್ತಿ ಕಳಿಸುತ್ತದೆ. ಹಾಗಾಗಿ ಆ ಕಾಲದ ಗಿರಣಿ ಪಂಚೆ, ಗಿರಣಿ ಸೀರೆಯ ನೂಲಿನ ಪ್ರತಿ ಅಂಗುಲವೂ ಸತ್ತ ಪ್ರಾಣಿಯ ಚರ್ಮದಡಿ ಹಾದು ಬಂದದ್ದು. ಚಪ್ಪಲಿ ತಾಗಿದರೆ ಮೈಲಿಗೆ ಎಂದು ಮತ್ತೆ ಸ್ನಾನ ಮಾಡುತ್ತಿದ್ದ ಮನೆಗಳಲ್ಲಿ ಅದೇ ಪಂಚೆ ಒಗೆದು ಒಣಗಿ ಮಡಿಯಾಗಿ ಪೂಜೆಗೆ ಬಂತು. ಯಂತ್ರದೊಳಗಿನ ಚರ್ಮ ಕಣ್ಣಿಗೆ ಬೀಳಲಿಲ್ಲ, ಅದರ ಪ್ರಶ್ನೆಯೂ ಏಳಲಿಲ್ಲ.

ಪ್ರಶ್ನೆ ಎದ್ದದ್ದು ಮನುಷ್ಯರ ಮುಟ್ಟಿನ ಬಗ್ಗೆ. ಮುಂಬೈ ಗಿರಣಿಗಳಲ್ಲಿ ದಲಿತ ಕಾರ್ಮಿಕರನ್ನು ನೂಲುವ ವಿಭಾಗಕ್ಕೆ ಸೇರಿಸಿಕೊಳ್ಳುತ್ತಿದ್ದರು, ಹೆಚ್ಚು ಕೂಲಿಯಿದ್ದ ನೇಯ್ಗೆ ವಿಭಾಗಕ್ಕೆ ಬಿಡುತ್ತಿರಲಿಲ್ಲ. ಲಾಳಿಯಲ್ಲಿ ನೂಲು ಮುಗಿದಾಗ ಹೊಸ ನೂಲಿನ ತುದಿಯನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ತೆಗೆಯಬೇಕಿತ್ತು. ಆ ಲಾಳಿಯನ್ನು ಇನ್ನೊಬ್ಬರೂ ಬಾಯಿಗೆ ಇಡಬೇಕಾಗುತ್ತದೆ ಎಂಬುದು ಮೇಲ್ಜಾತಿ ನೇಕಾರರ ಆಕ್ಷೇಪ. 1928ರ ಮಹಾ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಇದನ್ನು ಕಾರ್ಮಿಕ ನಾಯಕರ ಮುಂದೆ ನೇರವಾಗಿ ಇಟ್ಟರು: ನೇಯ್ಗೆ ವಿಭಾಗದ ಬಾಗಿಲು ದಲಿತರಿಗೂ ತೆರೆಯಬೇಕು ಎಂಬುದು ಮುಷ್ಕರದ ಬೇಡಿಕೆಗಳಲ್ಲಿ ಸೇರಬೇಕು ಎಂದರು. ಚರ್ಮದಡಿ ಹಾದು, ದಲಿತರ ಬೆರಳು ತುಂಡಾದಲ್ಲೆಲ್ಲ ಗಂಟು ಹಾಕಿದ ಅದೇ ನೂಲು ನೇಯ್ಗೆ ವಿಭಾಗಕ್ಕೆ ಯಾವ ಅಡ್ಡಿಯೂ ಇಲ್ಲದೆ ಹೋಗುತ್ತಿತ್ತು. ನೂಲಿಗೆ ಇಲ್ಲದ ಗೋಡೆ ಅದನ್ನು ಮಾಡಿದವರಿಗಿತ್ತು.

ರಬ್ಬರು ಬಂದ ಮೇಲೆ

ಚರ್ಮದ ಕಾಲ ಮುಗಿದದ್ದು ರಸಾಯನಶಾಸ್ತ್ರದಿಂದ. ಸಹಜ ರಬ್ಬರು ಈ ಕೆಲಸಕ್ಕೆ ಒಗ್ಗಿರಲಿಲ್ಲ. ಹತ್ತಿಯ ಮೇಣಕ್ಕೆ, ಯಂತ್ರದ ಎಣ್ಣೆಗೆ ಅದು ಬೇಗ ಉಬ್ಬಿ ಕೆಡುತ್ತದೆ. ಅಮೆರಿಕದಲ್ಲಿ ಕೆಲಕಾಲ ಕಾರ್ಕಿನ ಹೊದಿಕೆ ಬಳಸಿದರು. 1930ರ ದಶಕದಲ್ಲಿ ನಿಯೋಪ್ರೀನ್, ನೈಟ್ರೈಲ್ ಎಂಬ ಎಣ್ಣೆ ತಡೆಯುವ ಕೃತಕ ರಬ್ಬರುಗಳು ಬಂದಾಗ ದಾರಿ ತೆರೆಯಿತು. ಎರಡನೆಯ ಮಹಾಯುದ್ಧದ ನಂತರದ ದಶಕಗಳಲ್ಲಿ ಭಾರತದ ಗಿರಣಿಗಳೂ ಅದಕ್ಕೆ ಬದಲಾದವು. ಗಿರಣಿ ಭಾಷೆಯಲ್ಲಿ ಈ ರಬ್ಬರಿನ ಕೊಳವೆಗೆ ಕಾಟ್ ಎನ್ನುತ್ತಾರೆ. ಜೋಡಣೆಯಿಲ್ಲದ ಕೊಳವೆಯಾದ್ದರಿಂದ ಓರೆ ಕತ್ತರಿಸುವ ಆ ಹಳೆಯ ಕೈಚಳಕ ಬೇಡವಾಯಿತು.

ಸವೆತ ಮಾತ್ರ ಉಳಿಯಿತು. ಹೊಸ ಕಾಟ್‌ನ ವ್ಯಾಸ ಸುಮಾರು 30 ಮಿಲಿಮೀಟರು. ನಿರ್ದಿಷ್ಟ ಗಂಟೆಗಳ ಓಟದ ನಂತರ ಉರುಳೆಗಳನ್ನು ಕಳಚಿ ಬಫಿಂಗ್ ಯಂತ್ರಕ್ಕೆ ಒಯ್ಯುತ್ತಾರೆ. ಸಾಣೆ ಕಲ್ಲು ವ್ಯಾಸ ಸುಮಾರು 0.2 ಮಿಲಿಮೀಟರ್ ಇಳಿಯುವಷ್ಟು ಮುದಿ ಪದರ ತೆಗೆದು ಒಳಗಿನ ತಾಜಾ ರಬ್ಬರನ್ನು ಹೊರಗೆ ತರುತ್ತದೆ. ಹೀಗೆ ಒಂದೊಂದು ಸಲಕ್ಕೂ ಇಳಿಯುತ್ತಾ 28 ಮಿಲಿಮೀಟರಿಗೆ ಬರುವಷ್ಟರಲ್ಲಿ ಹತ್ತು ಸಲ ಹೊಸ ಮೈ ಸಿಕ್ಕಿರುತ್ತದೆ. ಬಫ್ ಮಾಡಿದ ಹೊಸತರಲ್ಲಿ ಮೈ ತುಸು ಒರಟಾಗಿದ್ದು ಎಳೆಗಳು ಸುತ್ತಿಕೊಳ್ಳುವುದರಿಂದ ಆಮ್ಲ ಸವರುವುದು ಅಥವಾ ಅತಿನೇರಳೆ ಬೆಳಕಿಗೆ ಒಡ್ಡುವುದು ರೂಢಿ. ಹಳೆಯ ವಾರ್ನಿಶ್ ಡಬ್ಬಿಯ ಜಾಗಕ್ಕೆ ಬಂದದ್ದು ಇದು.

ಯಾವ ಗಡಸುತನದ ಕಾಟ್, ಎಷ್ಟು ಗಂಟೆಗೊಮ್ಮೆ ಬಫಿಂಗ್ ಎಂಬುದು ಈಗ ಪ್ರಯೋಗಾಲಯದ ವಿಷಯ. ಅಹಮದಾಬಾದಿನ ಅಟಿರಾ, ಮುಂಬೈಯ ಬಿಟಿಆರ್‌ಎ, ಕೊಯಮತ್ತೂರಿನ ಸಿಟ್ರಾ ಇವೆಲ್ಲ 1947ರಿಂದ 1956ರ ನಡುವೆ ಹುಟ್ಟಿದ ಸಂಸ್ಥೆಗಳು. ನೂಲಿನ ಏರುಪೇರನ್ನು ಅಳೆದು, ಯಾವ ಉರುಳೆಯಿಂದ ಬಂತೆಂದು ಪತ್ತೆ ಹಚ್ಚುವ ವಿದ್ಯೆಯನ್ನು ಗಿರಣಿಗಳಿಗೆ ಕಲಿಸಿದವು. ಏರುಪೇರು ಸುಮಾರು ಒಂಬತ್ತು ಸೆಂಟಿಮೀಟರಿಗೊಮ್ಮೆ ಮರಳಿದರೆ, 30 ಮಿಲಿಮೀಟರಿನ ಮುಂದಿನ ಉರುಳೆಯೇ ಸುತ್ತು ತಪ್ಪಿದೆ ಎಂದು ಗೊತ್ತಾಗುತ್ತದೆ. ಯಾಕೆಂದರೆ ಅದರ ಸುತ್ತಳತೆ ಅಷ್ಟೇ.

ಕೈನೂಲಿನ ಲೋಕಕ್ಕೂ ಉರುಳೆ ಬಂತು. ತಮಿಳುನಾಡಿನ ಏಕಾಂಬರನಾಥನ್ ರೂಪಿಸಿದ, 1950ರ ದಶಕದಲ್ಲಿ ಖಾದಿ ಸಂಸ್ಥೆಗಳು ಹರಡಿದ ಅಂಬರ ಚರಕ ಒಳಗಿನಿಂದ ನೋಡಿದರೆ ಗಿರಣಿ ಯಂತ್ರದ ಮರಿ. ಅದರಲ್ಲೂ ಎಳೆಯುವುದು ಉರುಳೆ ಜೊತೆಗಳೇ. ಗಾಂಧೀಜಿಯ ರಾಟೆಯಲ್ಲಿ ಎರಡು ಬೆರಳು ಮಾಡುತ್ತಿದ್ದುದನ್ನು ಇಲ್ಲಿ ಹೊದಿಕೆಯ ಉರುಳೆ ಮಾಡುತ್ತದೆ. ಈಗ ಇಂಥ ಚರಕ ನಡೆಸುವ ಹೆಣ್ಣುಮಗಳಿಗೆ ರಬ್ಬರು ಸವೆದರೆ ಕೂಲಿಯೂ ಸವೆಯುತ್ತದೆ. ಕೂಲಿ ಸಿಗುವುದು ಲಡಿಯ ಲೆಕ್ಕದಲ್ಲಿ. ಜಾರುವ ಉರುಳೆಯಲ್ಲಿ ನೂಲು ತುಂಡಾಗುತ್ತಲೇ ಇರುತ್ತದೆ.

1982ರ ಜನವರಿ 18ರಂದು ಶುರುವಾದ ಮುಂಬೈ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅನೇಕರು ಮತ್ತೆ ಒಳಗೆ ಹೋಗಲಿಲ್ಲ. ಮುಂದಿನ ವರ್ಷಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಪರೇಲ್, ಲಾಲ್‌ಬಾಗ್‌ನ ಚಿಮಣಿಗಳ ಬಗ್ಗೆ, ಚಾಳುಗಳ ಬಗ್ಗೆ, ಜಮೀನಿನ ಬೆಲೆಯ ಬಗ್ಗೆ ಬರೆದದ್ದು ಸಾಕಷ್ಟಿದೆ. ರೋಲರ್ ಕೋಣೆ ಕೂಲಿ ಪಟ್ಟಿಯ ಒಂದು ಸಾಲಾಗಿ ಉಳಿಯಿತು. ಒಂದು ಉರುಳೆಯನ್ನು ಅಂಗೈಯಲ್ಲಿ ಉರುಳಿಸಿ, ಮೈ ಸಮವಿದೆಯೇ ಇಲ್ಲವೇ ಎಂದು ಹೇಳಬಲ್ಲ ಕೈಗಳು ಆ ಕೋಣೆಯೊಂದಿಗೆ ಚದುರಿದವು.

ಚರ್ಮ ಇನ್ನೂ ಉಳಿದಿರುವ ಕಡೆ

ನೂಲುವ ಯಂತ್ರದಿಂದ ಚರ್ಮ ಹೋದರೂ ಹತ್ತಿಯ ದಾರಿಯಿಂದ ಪೂರ್ತಿ ಹೋಗಿಲ್ಲ. ಭಾರತದಲ್ಲಿ ಬೀಜ ಬೇರ್ಪಡಿಸಲು ಹೆಚ್ಚು ಬಳಕೆಯಲ್ಲಿರುವುದು ಎರಡು ಉರುಳೆಗಳ ಜಿನ್. ಹುಬ್ಬಳ್ಳಿ, ರಾಯಚೂರು, ಬಳ್ಳಾರಿ ಕಡೆಯ ಜಿನ್ನಿಂಗ್ ಕಾರ್ಖಾನೆಗಳಲ್ಲಿ ಕಾಣುವುದು ಇದೇ. 1840ರಲ್ಲಿ ಅಮೆರಿಕದ ಫೋನ್ಸ್ ಮೆಕಾರ್ಥಿ ಪೇಟೆಂಟು ಪಡೆದ ಉರುಳೆ ಜಿನ್ನಿನ ವಂಶ. ಅದರ ಉರುಳೆಯನ್ನು ಕ್ರೋಮಿಯಂ ಲವಣದಿಂದ ಹದಮಾಡಿದ ಚರ್ಮದ ಬಿಲ್ಲೆಗಳನ್ನು ಒತ್ತೊತ್ತಾಗಿ ಪೋಣಿಸಿ ಮಾಡುವುದು ರೂಢಿ. ಮೈಮೇಲೆ ಸುರುಳಿಯಾಗಿ ಗೀರು ಕೊರೆದಿರುತ್ತದೆ. ಚರ್ಮದ ಒರಟು ಮೈ ಎಳೆಯನ್ನು ಹಿಡಿದು ಒಳಗೆಳೆಯುತ್ತದೆ, ಎದುರಿಗೆ ಒತ್ತಿ ಕೂತ ಚಾಕು ಬೀಜವನ್ನು ತಡೆಯುತ್ತದೆ.

ಚಾಕುವಿಗೆ ಉಜ್ಜಿ ಉಜ್ಜಿ ಈ ಚರ್ಮ ಸವೆಯುತ್ತದೆ. ಗೀರುಗಳು ಮಾಸಿದಾಗ ಮತ್ತೆ ಕೊರೆಯಬೇಕು, ಮೈ ನುಣುಪಾದಾಗ ಮತ್ತೆ ಒರಟು ಮಾಡಬೇಕು. ಸವೆದ ಚರ್ಮ ಹುಡಿಯಾಗಿ ಅರಳೆಯಲ್ಲೂ ಗಾಳಿಯಲ್ಲೂ ಬೆರೆಯುತ್ತದೆ. ಅದರ ಜೊತೆ ಕ್ರೋಮಿಯಂ ಕೂಡ. ಅರಳೆಯಲ್ಲಿ ಕ್ರೋಮಿಯಂ ಸೇರುವ ಬಗ್ಗೆ, ಜಿನ್ನಿನಲ್ಲಿ ದುಡಿಯುವವರ ಉಸಿರಿನ ಬಗ್ಗೆ ವಿಜ್ಞಾನಿಗಳು ಎಚ್ಚರಿಸಿದ್ದಾರೆ. ಮುಂಬೈಯ ಮಾಟುಂಗಾದಲ್ಲಿ 1924ರಿಂದ ಇರುವ ಹತ್ತಿ ತಂತ್ರಜ್ಞಾನ ಸಂಸ್ಥೆ ಸಿರ್ಕಾಟ್ ಕ್ರೋಮಿಯಂ ಇಲ್ಲದ ರಬ್ಬರ್ ಉರುಳೆಗಳ ಮೇಲೆ ಕೆಲಸ ಮಾಡಿದೆ.

ನೂಲಿನ ಗಿರಣಿ ಚರ್ಮ ಬಿಟ್ಟು ರಬ್ಬರು ಹಿಡಿದದ್ದು ನೂಲು ಸಮವಾಗಿ ಬರಲಿ ಎಂದು. ಆ ಲಾಭ ಗಿರಣಿಯ ಲೆಕ್ಕದ ಪುಸ್ತಕದಲ್ಲಿ ಕಾಣುತ್ತಿತ್ತು, ಹಾಗಾಗಿ ಬದಲಾವಣೆ ಬೇಗ ಹಬ್ಬಿತು. ಜಿನ್ನಿನಲ್ಲಿ ಬದಲಾವಣೆ ಬೇಕಿರುವುದು ಉರುಳೆಯ ಪಕ್ಕ ನಿಂತವರ ಶ್ವಾಸಕೋಶಕ್ಕಾಗಿ. ಅದು ಯಾವ ಕಾಲಂನಲ್ಲೂ ಬರುವುದಿಲ್ಲ. ಹತ್ತಿ ಬಿಡಿಸುವ ಕಾಲಕ್ಕೆ ಜಿನ್ನುಗಳು ಹಗಲೂ ರಾತ್ರಿಯೂ ನಡೆಯುತ್ತವೆ. ಸವೆದ ಉರುಳೆಗೆ ಗೀರು ಕೊರೆಯುವ ಕೆಲಸ ಪಾಳಿಯ ನಡುವೆ, ಆ ಹುಡಿಯಲ್ಲೇ ನಡೆಯುತ್ತದೆ. ಮಾಡುವವನ ಮೂಗಿಗೆ ಬಹಳ ಸಲ ಹೆಗಲ ಮೇಲಿನ ಟವೆಲ್ಲೇ ಮುಸುಕು.